ಮೊದಲು ಕೀಲಿ, ಆಮೇಲೆ ಕ್ಲೌಡ್: ಮನೆಯ ಕಾಗದಪತ್ರ ಬ್ಯಾಕಪ್ ಇಡುವ ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆಗಳಲ್ಲಿ ಅಲಮಾರಿಯ ಮೇಲಿನ ಖಾನೆಯಲ್ಲಿ ಒಂದು ಪ್ಲಾಸ್ಟಿಕ್ ಕೈಚೀಲ ಇದ್ದೇ ಇರುತ್ತದೆ. ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, 371ಜೆ ಅರ್ಹತಾ ಪತ್ರ, ಹೊಲದ ವಾಟ್ನಿ (ಪಾಲು) ಕಾಗದ, ಅಜ್ಜನ ಕಾಲದ ಉರ್ದು ದಸ್ತಾವೇಜು, ಪಾಸ್‌ಬುಕ್ಕು ಎಲ್ಲ ಅದರೊಳಗೆ. ಹೊಳೆ ಬಂದರೆ ಮೊದಲು ಎತ್ತಿಕೊಳ್ಳಬೇಕಾದ್ದು ಆ ಚೀಲ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ದಂಡೆಯ ಊರುಗಳಿಗೆ ನೀರು ನುಗ್ಗಿದಂಥ ಹೊತ್ತಿನಲ್ಲಿ ಅದಕ್ಕೂ ಪುರುಸೊತ್ತು ಸಿಗುವುದಿಲ್ಲ.

ಅದಕ್ಕೇ ಬಹಳ ಮಂದಿ ಎಲ್ಲದರ ಫೋಟೊ ಹೊಡೆದು ಗೂಗಲ್ ಡ್ರೈವ್‌ಗೆ ಏರಿಸಿ ನಿಶ್ಚಿಂತರಾಗುತ್ತಾರೆ. ನೀರಿನಿಂದ ಅದು ಕಾಪಾಡುತ್ತದೆ, ಕಳ್ಳರಿಂದ ಕಾಪಾಡುವುದಿಲ್ಲ. ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಥರದ ಕ್ಲೌಡ್ ಸೇವೆಗಳು (ನೆಟ್ ಮೂಲಕ ಕಂಪನಿಯ ಕಂಪ್ಯೂಟರಿನಲ್ಲಿ ಫೈಲು ಇಡುವಂಥವು) ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡಿಯೇ, ಅಂದರೆ ಓದಲಾಗದಂತೆ ಕೀಲಿ ಹಾಕಿಯೇ, ಇಡುತ್ತವೆ ನಿಜ, ಆದರೆ ಕೀಲಿಕೈ ಇರುವುದು ಅವರ ಹತ್ತಿರ. ನಿಮ್ಮ ಖಾತೆಗೆ ಯಾರು ಲಾಗಿನ್ ಆಗುತ್ತಾರೋ ಅವರಿಗೆಲ್ಲ ಬಾಗಿಲು ತಾನಾಗಿ ತೆರೆಯುತ್ತದೆ. ನಮ್ಮ ಕಡೆ ಕೀಲಿ ಎಂದರೆ ಬೀಗ, ಕೀಲಿಕೈ ಎಂದರೆ ಅದನ್ನು ತೆಗೆಯುವ ಕೈ. ಈ ಬರಹದ ಉದ್ದಕ್ಕೂ ಕೆಲಸ ಇಷ್ಟೇ: ಫೈಲು ನಿಮ್ಮ ಕಂಪ್ಯೂಟರ್ ಬಿಡುವ ಮೊದಲೇ ನೀವೇ ಕೀಲಿ ಹಾಕುವುದು, ಕೀಲಿಕೈಯನ್ನು ಕಾಗದದ ಮೇಲೆ ಜೋಪಾನ ಮಾಡುವುದು. ಮೊದಲನೆಯದು ಒಂದು ತಾಸಿನ ಕೆಲಸ. ಎರಡನೆಯದರಲ್ಲೇ ಜನ ಎಡವುತ್ತಾರೆ.

## ಯಾವುದಕ್ಕೆ ಕೀಲಿ ಬೇಕು, ಯಾವುದಕ್ಕೆ ಬೇಡ

ಎಲ್ಲವನ್ನೂ ತಿಜೋರಿಗೆ (ಕೀಲಿ ಹಾಕಿದ ಫೋಲ್ಡರಿಗೆ) ತುಂಬಬೇಡಿ. ಪಹಣಿ ಗುಟ್ಟಿನ ದಾಖಲೆ ಅಲ್ಲ. ಸರ್ವೆ ನಂಬರ್ ಗೊತ್ತಿದ್ದವರು ಯಾರು ಬೇಕಾದರೂ ಭೂಮಿ ತಂತ್ರಾಂಶದಲ್ಲಿ ನೋಡಬಹುದು, ಬೇಕಾದಾಗ ಮತ್ತೆ ತೆಗೆಸಬಹುದು. ಡಿಜಿಲಾಕರ್‌ನ 'ಇಶ್ಯೂಡ್' ವಿಭಾಗಕ್ಕೆ ಬರುವ ದಾಖಲೆಗಳೂ ಹಾಗೇ. ಅವಕ್ಕೆ ಕಾನೂನಿನಲ್ಲಿ ಮೂಲಪ್ರತಿಯಷ್ಟೇ ಮಾನ್ಯತೆ ಇದೆ, ಕೊಟ್ಟ ಇಲಾಖೆಯಿಂದಲೇ ಅವು ಬರುತ್ತವೆ. ಆದರೆ ಡಿಜಿಲಾಕರ್‌ಗೆ ನೀವೇ ಅಪ್‌ಲೋಡ್ ಮಾಡಿದ ಸ್ಕ್ಯಾನಿಗೆ ಆ ಮಾನ್ಯತೆ ಇಲ್ಲ, ಅದು ಬರೀ ನಕಲು. ಈ ವ್ಯತ್ಯಾಸ ತಿಳಿಯದೆ ದಾಖಲೆ ಪರಿಶೀಲನೆಯ ದಿನ ಮೊಬೈಲ್ ಹಿಡಿದು ಕೂತವರು ಮೂಲಪ್ರತಿಗಾಗಿ ಊರಿಗೆ ಬಸ್ ಹತ್ತಬೇಕಾಗುತ್ತದೆ.

ಕೀಲಿ ಬೇಕಾದದ್ದು ಬೇರೆಯವರ ಕೈಗೆ ಸಿಕ್ಕರೆ ನಷ್ಟವಾಗುವಂಥದ್ದಕ್ಕೆ: ಆಧಾರ್ ಮತ್ತು ಪಾನ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಆಸ್ಪತ್ರೆಯ ರಿಪೋರ್ಟು, ಮೃತ್ಯುಪತ್ರ, ಸಹಿ ಮತ್ತು ಪಾಸ್‌ಪೋರ್ಟ್ ಫೋಟೊ ಇರುವ ಅರ್ಜಿಗಳು. ಕಲಬುರಗಿ ನೆಹರು ಗಂಜಿನ ಅಡತ್ತಿಯವರಿಗಾದರೆ ರೈತರ ಖಾತೆ ವಿವರ ಇರುವ ಲೆಕ್ಕದ ಫೈಲುಗಳೂ ಈ ಪಟ್ಟಿಗೆ ಸೇರುತ್ತವೆ.

ಮೂರನೆಯ ಗುಂಪು ಎಲ್ಲಕ್ಕಿಂತ ಮುಖ್ಯ: ಹೋದರೆ ಮತ್ತೆ ಸಿಗದವು. 1956ರ ತನಕ ಈ ಮೂರೂ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವು, ಆದ್ದರಿಂದ ಹಳೆಯ ಜಮೀನು ಕಾಗದ ಉರ್ದುವಿನಲ್ಲಿವೆ. ಮಸಿ ಮಾಸಿದೆ, ಮಡಿಕೆಯಲ್ಲಿ ಹರಿದಿದೆ. ಸಮಯ ಕಡಿಮೆ ಇದ್ದರೆ ಇವುಗಳಿಂದಲೇ ಶುರುಮಾಡಿ.

ಆಧಾರ್ ಬಗ್ಗೆ ಒಂದು ಮಾತು. ಡೌನ್‌ಲೋಡ್ ಮಾಡಿದ ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ, ಸಾಕು ಎನ್ನುವವರಿದ್ದಾರೆ. ಆ ಪಾಸ್‌ವರ್ಡ್ ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಶರಣಪ್ಪ, ಶರಣಮ್ಮ, ಶರಣಬಸಪ್ಪ, ಶರಣಗೌಡ ಎಲ್ಲರಿಗೂ ಆ ನಾಲ್ಕು ಅಕ್ಷರ ಒಂದೇ: ಎಸ್, ಎಚ್, ಎ, ಆರ್. ಉಳಿದದ್ದು ವರ್ಷ. 100 ಸಲ ಪ್ರಯತ್ನಿಸಿದರೆ ಮುಗಿಯಿತು, ಕಂಪ್ಯೂಟರಿಗೆ ಅದು ಕಣ್ಣು ಮಿಟುಕಿಸುವಷ್ಟು ಕೆಲಸ. ಅದನ್ನು ಬೀಗ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಯಾರಿಗಾದರೂ ಆಧಾರ್ ಕಳಿಸಲೇಬೇಕಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕಳಿಸಿ.

## ಖಾತೆಯ ಬುಡ ಗಟ್ಟಿ ಇದೆಯೇ ನೋಡಿ

ಈ ಭಾಗದಲ್ಲಿ ಅನೇಕರ ಜಿಮೇಲ್ ಐಡಿ ಹುಟ್ಟಿದ್ದೇ ಆನ್‌ಲೈನ್ ಸೆಂಟರಿನಲ್ಲಿ. ಅರ್ಜಿ ತುಂಬುವ ದಿನ ಗಡಿಬಿಡಿಯಲ್ಲಿ ಅಂಗಡಿಯವರೇ ಐಡಿ ಮಾಡಿ, ತಮ್ಮದೇ ಮೊಬೈಲ್ ನಂಬರನ್ನು ರಿಕವರಿಗೆ (ಪಾಸ್‌ವರ್ಡ್ ಮರೆತಾಗ ಖಾತೆ ಮರಳಿ ಪಡೆಯಲು) ಕೊಟ್ಟಿರುತ್ತಾರೆ. ಅಂಥ ಖಾತೆಯ ಕೊನೆಯ ಕೀಲಿಕೈ ಇಂದಿಗೂ ಆ ಅಂಗಡಿಯಲ್ಲಿದೆ. ಅದಕ್ಕೇ ಮೊದಲು ಗೂಗಲ್ ಖಾತೆಯ ಭದ್ರತೆ ಪುಟ ತೆರೆಯಿರಿ.

ರಿಕವರಿ ಫೋನ್, ರಿಕವರಿ ಇಮೇಲ್ ಎರಡೂ ನಿಮ್ಮವೇ ಆಗಿರಲಿ. 'ನಿಮ್ಮ ಸಾಧನಗಳು' ಪಟ್ಟಿಯಲ್ಲಿ ಗುರುತಿಲ್ಲದ ಕಂಪ್ಯೂಟರ್ ಕಂಡರೆ ಸೈನ್ ಔಟ್ ಮಾಡಿ, ಆಮೇಲೆ ಪಾಸ್‌ವರ್ಡ್ ಬದಲಿಸಿ. ನಂತರ 2-ಹಂತದ ಪರಿಶೀಲನೆ ಆನ್ ಮಾಡಿ. ಇಲ್ಲಿ ಎಸ್‌ಎಂಎಸ್ ಒಟಿಪಿ ಒಂದನ್ನೇ ನೆಚ್ಚಬೇಡಿ. ಕಾರಣ ಸರಳ. ಪುಣೆಗೋ ಮುಂಬೈಗೋ ಕೆಲಸಕ್ಕೆ ಹೋದವರು ಅಲ್ಲಿ ಹೊಸ ಸಿಮ್ ತಗೊಳ್ಳುತ್ತಾರೆ, ಊರಿನ ಸಿಮ್ಮಿಗೆ ರೀಚಾರ್ಜ್ ನಿಲ್ಲುತ್ತದೆ. ಪ್ರೀಪೇಯ್ಡ್ ಸಿಮ್ ಸತತ 90 ದಿನ ಬಳಸದೆ ಬಿದ್ದಿದ್ದರೆ ಕಂಪನಿ ಅದನ್ನು ಬಂದ್ ಮಾಡಬಹುದು, ಕಾಲಾನಂತರ ಅದೇ ನಂಬರ್ ಇನ್ನೊಬ್ಬರ ಪಾಲಾಗುತ್ತದೆ. ಆಗ ನಿಮ್ಮ ಒಟಿಪಿ ಗುರುತಿಲ್ಲದ ಮನುಷ್ಯನ ಮೊಬೈಲಿಗೆ ಹೋಗುತ್ತದೆ. ಅಥೆಂಟಿಕೇಟರ್ ಆ್ಯಪ್ (ಫೋನಿನಲ್ಲೇ ಕೋಡ್ ಹುಟ್ಟಿಸುವಂಥದ್ದು) ಇಲ್ಲವೇ ಪಾಸ್‌ಕೀ (ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದ ಲಾಗಿನ್ ಆಗುವುದು) ಹಾಕಿಕೊಳ್ಳಿ. ಅದೇ ಪುಟದಲ್ಲಿ 'ಬ್ಯಾಕಪ್ ಕೋಡ್' ಸಿಗುತ್ತವೆ: 8 ಅಂಕಿಯ 10 ಕೋಡು, ಒಂದೊಂದು ಒಂದೇ ಸಲ ನಡೆಯುತ್ತದೆ. ಕೈಯಿಂದ ಬರೆದಿಟ್ಟುಕೊಳ್ಳಿ. ಮೊಬೈಲ್ ಬಾವಿಗೆ ಬಿದ್ದ ದಿನ ಕೆಲಸಕ್ಕೆ ಬರುವುದು ಅವೇ.

ಉಚಿತ ಜಾಗ ಎಷ್ಟು? ಗೂಗಲ್‌ನಲ್ಲಿ 15 ಜಿಬಿ, ಆದರೆ ಜಿಮೇಲ್, ಫೋಟೋಸ್, ಆಂಡ್ರಾಯ್ಡ್‌ನ ವಾಟ್ಸ್‌ಆ್ಯಪ್ ಬ್ಯಾಕಪ್ ಎಲ್ಲ ಅದರಲ್ಲೇ ಪಾಲು ಕೇಳುತ್ತವೆ. ಒನ್‌ಡ್ರೈವ್ 5 ಜಿಬಿ, ಡ್ರಾಪ್‌ಬಾಕ್ಸ್ 2 ಜಿಬಿ. ಗೂಗಲ್ ಜಾಗ ತುಂಬಿದರೆ ಅಪ್‌ಲೋಡ್ ಅಷ್ಟೇ ಅಲ್ಲ, ಜಿಮೇಲಿಗೆ ಹೊಸ ಪತ್ರ ಬರುವುದೂ ನಿಲ್ಲುತ್ತದೆ. ಸಂದರ್ಶನದ ಕರೆಪತ್ರ ಬರಲಿಲ್ಲ ಎಂದು ಒದ್ದಾಡುವವರು ಮೊದಲು ನೋಡಬೇಕಾದ್ದು ಇದನ್ನೇ. 2 ವರ್ಷ ಮುಟ್ಟದೆ ಬಿಟ್ಟ ವೈಯಕ್ತಿಕ ಗೂಗಲ್ ಖಾತೆಯನ್ನು ಕಂಪನಿ ಅಳಿಸಬಹುದು ಎಂಬ ನಿಯಮವೂ 2023ರಿಂದ ಇದೆ. ಬ್ಯಾಕಪ್‌ಗೆಂದೇ ಬೇರೆ ಖಾತೆ ಮಾಡಿ ಮರೆತುಬಿಡುವವರು ಇದನ್ನು ನೆನಪಿಡಬೇಕು.

## ಸ್ಕ್ಯಾನ್ ಮಾಡುವಾಗ

ಸಾಮಾನ್ಯ ಕಾಗದಕ್ಕೆ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕಿ) ಸಾಕು. ಎ4 ಹಾಳೆ ಆಗ 2480×3508 ಪಿಕ್ಸೆಲ್ ಆಗುತ್ತದೆ, ಬಣ್ಣದ ಜೆಪಿಇಜಿ ಒಂದು ಎಂಬಿ ಆಸುಪಾಸು. 400 ಹಾಳೆ ಇದ್ದರೂ ಅರ್ಧ ಜಿಬಿಯ ಅಕ್ಕಪಕ್ಕ. ಉಚಿತ ಜಾಗ ಧಾರಾಳ. ಉರ್ದು ದಸ್ತಾವೇಜಿಗೆ ಮಾತ್ರ 600 ಡಿಪಿಐ, ಬಣ್ಣದಲ್ಲಿ, ಹಿಂಬದಿಯೂ ಸೇರಿಸಿ. ಕಪ್ಪು-ಬಿಳುಪಿನಲ್ಲಿ ತೆಗೆದರೆ ಮಾಸಿದ ಮೊಹರು ಮಾಯವಾಗುತ್ತದೆ, ಮುಂದೆ ಓದಿಸುವಾಗ ಮುನ್ಷಿಗೆ ಬೇಕಾಗುವುದು ಅದೇ ಮೊಹರು.

ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವವರು ಎರಡು ಸಂಗತಿ ಗಮನಿಸಿ. ಉಚಿತ ಸ್ಕ್ಯಾನರ್ ಆ್ಯಪ್ ಹಲವು ತಮ್ಮದೇ ಸರ್ವರಿಗೆ ಸದ್ದಿಲ್ಲದೆ ಪ್ರತಿ ಕಳಿಸುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಸಿಂಕ್ (ಎರಡೂ ಕಡೆಯ ಪ್ರತಿಯನ್ನು ತಾನಾಗಿ ಒಂದೇ ಮಾಡುವುದು) ಆಫ್ ಇದೆಯೇ ನೋಡಿ. ಕ್ಯಾಮೆರಾದಲ್ಲಿ ತೆಗೆದ ಫೋಟೊ ಗೂಗಲ್ ಫೋಟೋಸ್ ಬ್ಯಾಕಪ್ ಆನ್ ಇದ್ದರೆ ನೀವು ಕೀಲಿ ಹಾಕುವ ಮೊದಲೇ ಮೇಲೆ ಹೋಗಿಬಿಟ್ಟಿರುತ್ತದೆ. ಸ್ಕ್ಯಾನ್ ಶುರುಮಾಡುವ ಮುನ್ನ ಬ್ಯಾಕಪ್ ಆಫ್ ಮಾಡಿ, ಫೈಲುಗಳನ್ನು ಕೇಬಲ್ ಹಚ್ಚಿ ಲ್ಯಾಪ್‌ಟಾಪಿಗೆ ಇಳಿಸಿ.

ಹೆಸರಿಡುವುದಕ್ಕೂ ಒಂದು ಶಿಸ್ತು ಬೇಕು. ವರ್ಷ-ತಿಂಗಳು-ದಿನ ಮುಂದೆ, ವಿಷಯ ಆಮೇಲೆ: 2019-06-14_ಆದಾಯಪತ್ರ_ಅಪ್ಪ. ಸರ್ವೆ ನಂಬರ್ 112/2 ಎಂದು ಬರೆಯಲು ಹೋದರೆ ವಿಂಡೋಸ್ ಒಪ್ಪುವುದಿಲ್ಲ, ಓರೆಗೆರೆ ಫೈಲಿನ ಹೆಸರಿನಲ್ಲಿ ನಿಷಿದ್ಧ. 112-2 ಎಂದು ಬರೆಯಿರಿ. ಕನ್ನಡದ ಹೆಸರು ಚೆನ್ನ, ಆದರೆ ಉದ್ದ ಮಾಡಬೇಡಿ. 'ಕ್ಷೇತ್ರ' ಎಂದು ಬರೆದರೆ ನಮ್ಮ ಕಣ್ಣಿಗೆ ಎರಡೇ ಅಕ್ಷರ, ಕಂಪ್ಯೂಟರು ಅಕ್ಷರ ಇಡುವ ಯುನಿಕೋಡ್ ಪದ್ಧತಿಯಲ್ಲಿ 7 ಸಂಕೇತ, 21 ಬೈಟ್. ಎನ್‌ಕ್ರಿಪ್ಟ್ ಆದಾಗ ಹೆಸರು ಇನ್ನೂ ಬೆಳೆಯುತ್ತದೆ. ಫೋಲ್ಡರಿನೊಳಗೆ ಫೋಲ್ಡರ್, ಅದರೊಳಗೆ ಇನ್ನೊಂದು ಎಂದು ಹೋದರೆ ವಿಂಡೋಸಿನಲ್ಲಿ ಫೈಲಿನ ದಾರಿಯ (ಫೋಲ್ಡರುಗಳ ಹೆಸರೂ ಸೇರಿ) ಉದ್ದದ ಮಿತಿ ದಾಟಿ ಕಾಪಿ ನಡುವೆ ನಿಲ್ಲುತ್ತದೆ.

ನುಡಿ, ಬರಹದ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ಅವನ್ನು ಹಾಗೇ ಇಟ್ಟರೆ ಹತ್ತು ವರ್ಷದ ನಂತರ ಫಾಂಟು ಸಿಗದೆ ಬರೀ ಚಿತ್ತಾರ ಕಾಣುತ್ತದೆ. ಪಿಡಿಎಫ್ ಮಾಡಿ ಒಂದು ಪ್ರತಿ, ಮೂಲ ಕಡತ ಒಂದು ಪ್ರತಿ, ಎರಡೂ ಇರಲಿ.

## ತಿಜೋರಿ ಕಟ್ಟುವುದು

ಇದಕ್ಕೆ ಕ್ರಿಪ್ಟೋಮೇಟರ್ ಎಂಬ ತಂತ್ರಾಂಶವೇ ಸರಿ ಎನ್ನುವುದು ನಮ್ಮ ಅಭಿಪ್ರಾಯ. ಓಪನ್ ಸೋರ್ಸ್ (ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದು), ವಿಂಡೋಸ್, ಮ್ಯಾಕ್, ಲಿನಕ್ಸ್‌ನಲ್ಲಿ ಉಚಿತ, ಎಇಎಸ್-256 ಎಂಬ ಗಟ್ಟಿ ಕೀಲಿ. ವೆರಾಕ್ರಿಪ್ಟ್ ಕೂಡ ಗಟ್ಟಿಯೇ, ಆದರೆ ಅದು ಎಲ್ಲವನ್ನೂ ಒಂದೇ ದೊಡ್ಡ ಪೆಟ್ಟಿಗೆಗೆ ತುಂಬುತ್ತದೆ; ಒಂದು ಹಾಳೆ ಬದಲಾದರೂ ಹಲವು ಸೇವೆಗಳಲ್ಲಿ ಇಡೀ ಪೆಟ್ಟಿಗೆ ಮತ್ತೆ ಅಪ್‌ಲೋಡ್ ಆಗುತ್ತದೆ. ಕ್ರಿಪ್ಟೋಮೇಟರ್ ಒಂದೊಂದು ಫೈಲಿಗೂ ಬೇರೆ ಬೇರೆ ಕೀಲಿ ಹಾಕುವುದರಿಂದ ಬದಲಾದದ್ದು ಮಾತ್ರ ಮೇಲೆ ಹೋಗುತ್ತದೆ. ನಮ್ಮ ನೆಟ್ಟಿಗೆ ಇದೇ ಲೇಸು.

1. ಮೊದಲು ಗೂಗಲ್‌ನ 'ಡ್ರೈವ್ ಫಾರ್ ಡೆಸ್ಕ್‌ಟಾಪ್' ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಹಾಕಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ 'ಸ್ಟ್ರೀಮ್' ಬದಲು 'ಮಿರರ್' ಆರಿಸಿ. ಸ್ಟ್ರೀಮ್‌ನಲ್ಲಿ ಫೈಲು ಮೇಲೆಯೇ ಇರುತ್ತದೆ, ನೆಟ್ ಇಲ್ಲದ ದಿನ ತಿಜೋರಿ ಅರ್ಧಂಬರ್ಧ ತೆರೆಯುತ್ತದೆ. ಮಿರರ್‌ನಲ್ಲಿ ಒಂದು ಪ್ರತಿ ನಿಮ್ಮ ಲ್ಯಾಪ್‌ಟಾಪಿನಲ್ಲೂ ಕೂತಿರುತ್ತದೆ.

2. ಕ್ರಿಪ್ಟೋಮೇಟರನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ.

3. ಅದರಲ್ಲಿ ಹೊಸ ವಾಲ್ಟ್ (ಅಂದರೆ ತಿಜೋರಿ) ಸೃಷ್ಟಿಸುವ ಆಯ್ಕೆ ಒತ್ತಿ ಹೆಸರು ಕೊಡಿ. ಹೆಸರು 'ಬ್ಯಾಂಕ್ ಗುಟ್ಟು' ಎಂದಿರುವುದು ಬೇಡ. ವಾಲ್ಟಿನ ಹೆಸರು ಮಾತ್ರ ಹೊರಗೆ ಕಾಣುತ್ತದೆ. 'ಮನೆ-1' ಸಾಕು.

4. ಜಾಗ ಕೇಳಿದಾಗ ಗೂಗಲ್ ಡ್ರೈವ್ ಫೋಲ್ಡರ್ ತೋರಿಸಿ.

5. ಪಾಸ್‌ವರ್ಡ್ ಕೊಡಿ. ಅದೇ ಪರದೆಯಲ್ಲಿ ರಿಕವರಿ ಕೀ ಬೇಕೇ ಎಂದು ಕೇಳುತ್ತದೆ. ಬೇಕು ಎನ್ನಿ. 44 ಇಂಗ್ಲಿಷ್ ಪದಗಳ ಸರಮಾಲೆ ಬರುತ್ತದೆ. ಇದರ ಬಗ್ಗೆ ಮುಂದೆ ಹೇಳುತ್ತೇವೆ. ಇಲ್ಲಿ ಅವಸರ ಮಾಡಬೇಡಿ.

6. ಅನ್‌ಲಾಕ್ ಮಾಡಿದರೆ ಹೊಸ ಡ್ರೈವ್ ಒಂದು ಕಾಣುತ್ತದೆ, ಪೆನ್‌ಡ್ರೈವ್ ಹಚ್ಚಿದಂತೆ. ಫೈಲು ಹಾಕಬೇಕಾದ್ದು ಈ ಡ್ರೈವಿಗೆ. ಗೂಗಲ್ ಡ್ರೈವ್ ಫೋಲ್ಡರಿನೊಳಗಿನ 'ಮನೆ-1' ಫೋಲ್ಡರಿಗೆ ನೇರವಾಗಿ ಫೈಲು ಎಳೆದು ಹಾಕಿದರೆ ಕೀಲಿ ಬೀಳುವುದಿಲ್ಲ, ಬತ್ತಲೆ ಹೋಗುತ್ತದೆ. ಹೊಸಬರು ಮಾಡುವ ದೊಡ್ಡ ತಪ್ಪು ಇದೇ.

7. ಕೆಲಸ ಮುಗಿದ ಮೇಲೆ ಲಾಕ್ ಮಾಡಿ, ಡ್ರೈವ್ ಐಕಾನಿನಲ್ಲಿ ಸಿಂಕ್ ಮುಗಿದ ಗುರುತು ಬರುವ ತನಕ ಕಾಯಿರಿ. ನಂತರ ಬ್ರೌಸರಿನಲ್ಲಿ ಡ್ರೈವ್ ತೆರೆದು ನೋಡಿ. ಕ್ರಿಪ್ಟೋಮೇಟರ್ ತಾನೇ ಇಡುವ ಕೆಲವು ಫೈಲು ಬಿಟ್ಟರೆ ಒಂದೂ ಹೆಸರು ಓದಲು ಬರಬಾರದು. ಅರ್ಥವಿಲ್ಲದ ಅಕ್ಷರಗಳ ಸಾಲು, ಕೊನೆಗೆ ಸಿ9ಆರ್ ಎಂಬ ಬಾಲ. ನಿಮ್ಮ ಫೈಲಿನ ಹೆಸರು ಹಾಗೇ ಕಂಡರೆ ಆರನೆಯ ಹಂತದಲ್ಲಿ ಎಡವಿದ್ದೀರಿ.

ಹೊರಗಿನವರಿಗೆ ಇಷ್ಟಾದರೂ ಕಾಣುವುದು: ಫೈಲು ಎಷ್ಟು, ಪ್ರತಿಯೊಂದರ ಗಾತ್ರ, ಯಾವಾಗ ಬದಲಾಯಿತು. ಮನೆ ಕಾಗದಕ್ಕೆ ಇದರಿಂದ ತೊಂದರೆ ಇಲ್ಲ.

ಒಂದೇ ತಿಜೋರಿಯನ್ನು ಎರಡು ಕಂಪ್ಯೂಟರಿನಲ್ಲಿ ಒಟ್ಟಿಗೆ ತೆರೆದಿಡಬೇಡಿ. ಸಿಂಕ್ ಗೊಂದಲಕ್ಕೆ ಬಿದ್ದು ಒಂದೇ ಫೈಲಿನ ಎರಡು ಪ್ರತಿ ಹುಟ್ಟುತ್ತವೆ, ಯಾವುದು ಹೊಸದೆಂದು ಗುರುತಿಸುವುದೇ ತಲೆನೋವು. ಕ್ರಿಪ್ಟೋಮೇಟರಿನ ಮೊಬೈಲ್ ಆ್ಯಪ್‌ನ ಪೂರ್ಣ ಬಳಕೆಗೆ ಹಣ ಕೊಡಬೇಕು. ಲ್ಯಾಪ್‌ಟಾಪೇ ಇಲ್ಲ ಎನ್ನುವವರಿಗೆ ಪ್ರೋಟಾನ್ ಡ್ರೈವ್ ಅಥವಾ ಮೆಗಾ ದಾರಿ. ಇವು ಮೊಬೈಲಿನಲ್ಲೇ ಕೀಲಿ ಹಾಕಿ ಕಳಿಸುತ್ತವೆ. ಮೆಗಾದ ಕೀಲಿಯಲ್ಲಿ 2022ರಲ್ಲಿ ಸಂಶೋಧಕರು ಬಿರುಕು ತೋರಿಸಿದ್ದರು, ಕಂಪನಿ ಅದನ್ನು ಮುಚ್ಚಿತು. ಎರಡರಲ್ಲಿ ಒಂದು ಎಂದರೆ ನಾವು ಪ್ರೋಟಾನ್ ಕಡೆ ಬೆರಳು ತೋರಿಸುತ್ತೇವೆ.

ಹಳೆಯ, ಇನ್ನು ಬದಲಾಗದ ಕಾಗದಕ್ಕೆ 7-ಜಿಪ್ ಎಂಬ ತಂತ್ರಾಂಶ ಸಾಕು. 'ಆರ್ಕೈವಿಗೆ ಸೇರಿಸು' ಕಿಟಕಿಯಲ್ಲಿ 7ಝಡ್ ಮಾದರಿ ಆರಿಸಿ, ಪಾಸ್‌ವರ್ಡ್ ಕೊಟ್ಟು, 'ಫೈಲ್ ಹೆಸರು ಎನ್‌ಕ್ರಿಪ್ಟ್ ಮಾಡು' ಎಂಬ ಚೌಕಕ್ಕೆ ಗುರುತು ಹಾಕಿ. ಆ ಗುರುತು ಬಿಟ್ಟರೆ ಒಳಗಿನ ಹೆಸರು ಎಲ್ಲರಿಗೂ ಕಾಣುತ್ತದೆ. 'ಕ್ಯಾನ್ಸರ್_ರಿಪೋರ್ಟ್' ಎಂಬ ಹೆಸರೇ ಸಾಕಲ್ಲ ಗುಟ್ಟು ರಟ್ಟಾಗಲು. ಜಿಪ್ ಮಾದರಿಯ ಹಳೆಯ ಜಿಪ್‌ಕ್ರಿಪ್ಟೊ ಕೀಲಿ ದುರ್ಬಲ, ಅದನ್ನು ಮುಟ್ಟಬೇಡಿ.

ಟ್ಯಾಲಿ ಬಳಸುವ ಅಂಗಡಿಯವರಿಗೆ: ಟ್ಯಾಲಿ ಓಡುತ್ತಿರುವಾಗ ಅದರ ಡೇಟಾ ಫೋಲ್ಡರನ್ನೇ ಕಾಪಿ ಮಾಡಿದರೆ ಅರ್ಧ ಬರೆದ ಫೈಲು ಸಿಗುತ್ತದೆ. ಟ್ಯಾಲಿಯೊಳಗಿನ ಬ್ಯಾಕಪ್ ಆಯ್ಕೆಯಿಂದ ತೆಗೆದ ಫೈಲನ್ನು ತಿಜೋರಿಗೆ ಹಾಕಿ.

## ಪಾಸ್‌ವರ್ಡ್ ಮತ್ತು ಆ 44 ಪದ

ತಿಜೋರಿಯ ಕೀಲಿಕೈ ಇರುವ ಫೈಲು ಕೂಡ ಕ್ಲೌಡಿನಲ್ಲೇ, ತಿಜೋರಿಯ ಜತೆಗೇ ಇರುತ್ತದೆ. ಅದನ್ನು ಕಾಯುವುದು ನಿಮ್ಮ ಪಾಸ್‌ವರ್ಡ್ ಒಂದೇ. ಖಾತೆಗೆ ನುಗ್ಗಿದವನು ಅದನ್ನು ಇಳಿಸಿಕೊಂಡು ತನ್ನ ಯಂತ್ರದಲ್ಲಿ ಎಷ್ಟು ಸಲ ಬೇಕಾದರೂ ಊಹಿಸಿ ನೋಡಬಹುದು, ತಡೆಯುವವರಿಲ್ಲ. ಆದ್ದರಿಂದ ಮನೆದೇವರ ಹೆಸರು, ಕೆಎ32, ಕೆಎ33, ಕೆಎ38 ಗಾಡಿ ನಂಬರ್, 585101 ಪಿನ್‌ಕೋಡ್, ಮಗಳ ಹುಟ್ಟುಹಬ್ಬ ಯಾವುದೂ ಬೇಡ. ವಚನದ ಸಾಲೂ ಬೇಡ. 'ಕಾಯಕವೇ ಕೈಲಾಸ' ಎಂಬುದು ಈ ನಾಡಿನಲ್ಲಿ ಯಾರಾದರೂ ಮೊದಲು ಪ್ರಯತ್ನಿಸುವ ಸಾಲು.

ಒಳ್ಳೆಯ ದಾರಿ: ಕನ್ನಡ ನಿಘಂಟನ್ನು ಕಣ್ಣು ಮುಚ್ಚಿ ತೆರೆಯಿರಿ, ಬೆರಳು ಬಿದ್ದ ಪದ ಬರೆದುಕೊಳ್ಳಿ. ಹೀಗೆ 6 ಸಲ. ಪದ ಇಷ್ಟವಾಗಲಿಲ್ಲ ಎಂದು ಬದಲಿಸಬೇಡಿ, ನಿಮ್ಮ ಇಷ್ಟವೇ ಊಹೆಗೆ ದಾರಿ. ಆರು ಪದಕ್ಕೂ ಒಂದಕ್ಕೊಂದು ಸಂಬಂಧವಿಲ್ಲದಿದ್ದರೇ ಚೆನ್ನ. ಮನಸ್ಸಿನಲ್ಲಿ ಒಂದು ಹುಚ್ಚು ಚಿತ್ರ ಕಟ್ಟಿಕೊಂಡರೆ ನೆನಪು ಉಳಿಯುತ್ತದೆ.

ಇಲ್ಲೊಂದು ಮುಳ್ಳಿದೆ. ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು. 'ತೊಗರಿ'ಗೆ ಮೊದಲ ಅಕ್ಷರ ಟಿ ಒಂದೇನಾ, ಟಿಎಚ್ಚಾ? ನಡುವೆ ಎ ಇದೆಯೋ ಇಲ್ಲವೋ? ಆರು ತಿಂಗಳ ನಂತರ ಪದ ನೆನಪಿರುತ್ತದೆ, ಕಾಗುಣಿತ ನೆನಪಿರುವುದಿಲ್ಲ, ತಿಜೋರಿ ತೆರೆಯುವುದಿಲ್ಲ. ಇಂಗ್ಲಿಷ್ ಕಾಗುಣಿತವನ್ನೇ ಅಕ್ಷರಶಃ ಬರೆದಿಡಿ. ಹಾಗಾದರೆ ನೇರ ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಇಟ್ಟರೆ? ಬೇಡ. 'ೇ', 'ೋ' ಥರದ ಸ್ವರಚಿಹ್ನೆಗಳನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕೆಲವು ತಂತ್ರಾಂಶಗಳಿಗೆ ಬೇರೆ ಬೇರೆ. ಅದಲ್ಲದೆ ಬೇರೆಯವರ ಕಂಪ್ಯೂಟರಿನಲ್ಲಿ ಕನ್ನಡ ಕೀಲಿಮಣೆಯೇ ಇರುವುದಿಲ್ಲ.

44 ಪದಗಳ ರಿಕವರಿ ಕೀ ಪಾಸ್‌ವರ್ಡ್ ಮರೆತವರಿಗೆ ಉಳಿದಿರುವ ಒಂದೇ ಬಾಗಿಲು. ಕಂಪನಿಗೆ ಪತ್ರ ಬರೆದರೆ ಅವರೂ ತೆರೆದು ಕೊಡಲಾರರು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಬೇಡಿ. ಪ್ರತಿ ಆ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಉಳಿಯುತ್ತದೆ. ಬಾಲ್‌ಪೆನ್ನಿನಿಂದ ಕೈಯಲ್ಲೇ ಬರೆಯಿರಿ. ಒಂದು ಸಾಲಿಗೆ 4 ಪದ, 11 ಸಾಲು, ಪ್ರತಿ ಸಾಲಿಗೂ ಸಂಖ್ಯೆ. ಇಂಕ್‌ಜೆಟ್ ಮಸಿ ನೀರು ತಾಗಿದರೆ ಹರಡುತ್ತದೆ. ಥರ್ಮಲ್ ಕಾಗದವಂತೂ ನಮ್ಮ ಬಿಸಿಲಿಗೆ ಕೆಲಸಕ್ಕೇ ಬಾರದು. ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಬಸ್ ಟಿಕೆಟ್ ಕರ್ರಗಾಗುವುದನ್ನು ನೋಡಿದ್ದೀರಲ್ಲ.

ಬರೆದದ್ದು ಸರಿಯೇ ಎಂದು ಅಂದೇ ಪರೀಕ್ಷಿಸಿ. ವಾಲ್ಟಿನ ಪಾಸ್‌ವರ್ಡ್ ಆಯ್ಕೆಗಳಲ್ಲಿ ರಿಕವರಿ ಕೀಯಿಂದ ಪಾಸ್‌ವರ್ಡ್ ಮರುಹೊಂದಿಸುವ ಕಿಟಕಿ ಇದೆ. ಪರದೆ ನೋಡದೆ, ನಿಮ್ಮ ಕಾಗದ ನೋಡಿಕೊಂಡು 44 ಪದ ಟೈಪ್ ಮಾಡಿ. ಎಲ್ಲ ಸರಿ ಇದ್ದರೆ ಕೀ ಸರಿಯಿದೆ ಎಂದು ಅದೇ ಹೇಳುತ್ತದೆ, ಒಂದು ಪದ ತಪ್ಪಿದರೂ ಮುಂದೆ ಹೋಗಲು ಬಿಡುವುದಿಲ್ಲ.

ಎರಡು ಪ್ರತಿ ಮಾಡಿ, ಎರಡು ಊರಿನಲ್ಲಿಡಿ. ಒಂದು ಕಲಬುರಗಿಯ ಮನೆಯಲ್ಲಿದ್ದರೆ ಇನ್ನೊಂದು ಬೀದರಿನ ಅಕ್ಕನ ಮನೆಯಲ್ಲಿರಲಿ. ಎರಡೂ ಒಂದೇ ಹೊಳೆಯ ದಂಡೆಯಲ್ಲಿ ಬೇಡ. ಕಾಗದದ ಫೋಟೊ ಹೊಡೆದು ವಾಟ್ಸ್‌ಆ್ಯಪಿನಲ್ಲಿ ಅಕ್ಕನಿಗೆ ಕಳಿಸಿದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು.

ಇನ್ನೊಂದು ಸೂಕ್ಷ್ಮ. ಪಾಸ್‌ವರ್ಡ್ ಸೋರಿದೆ ಎನ್ನಿಸಿದರೆ ಬರೀ ಪಾಸ್‌ವರ್ಡ್ ಬದಲಿಸಿದರೆ ಸಾಲದು. ಬದಲಾಗುವುದು ಹೊರಗಿನ ಕೀಲಿ, ಒಳಗಿನ ಮೂಲ ಕೀಲಿಕೈ ಅದೇ ಉಳಿಯುತ್ತದೆ. ಹಳೆಯ ಕೀಲಿಕೈ ಫೈಲು ಯಾರಾದರೂ ಕಾಪಿ ಮಾಡಿಟ್ಟಿದ್ದರೆ ಹಳೆಯ ಪಾಸ್‌ವರ್ಡೇ ಅವರಿಗೆ ಸಾಕು. ಹೊಸ ವಾಲ್ಟ್ ಮಾಡಿ, ಫೈಲುಗಳನ್ನು ಅದಕ್ಕೆ ಸಾಗಿಸಿ, ಹಳೆಯದನ್ನು ಅಳಿಸಿ.

## ಅಪ್‌ಲೋಡ್ ಮತ್ತು ಕರೆಂಟು

ನೆಟ್ ಕಂಪನಿ ಹೇಳುವುದು ಡೌನ್‌ಲೋಡ್ ವೇಗ, ನಮಗೆ ಬೇಕಾದ್ದು ಅಪ್‌ಲೋಡ್. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಅದು 2 ಎಂಬಿಪಿಎಸ್ ಇದ್ದರೆ 1 ಜಿಬಿಗೆ ಒಂದು ತಾಸು ಹತ್ತು ನಿಮಿಷದ ಹತ್ತಿರ. 10 ಎಂಬಿಪಿಎಸ್ ಇದ್ದರೆ ಕಾಲು ತಾಸಿನೊಳಗೆ. ನಡುವೆ ಕರೆಂಟು ಹೋದರೆ ಕ್ಲೌಡಿಗೆ ಏನೂ ಆಗುವುದಿಲ್ಲ, ಉಳಿದದ್ದು ಆಮೇಲೆ ಹೋಗುತ್ತದೆ. ಅಪಾಯ ಇರುವುದು ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿಗೆ. ತಿಜೋರಿಗೆ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಆ ಕ್ಷಣದ ಫೈಲು ಕೆಡಬಹುದು. ಬ್ಯಾಟರಿ ಇರುವ ಲ್ಯಾಪ್‌ಟಾಪಿನಲ್ಲೇ ಮಾಡಿ.

ಎಲ್ಲ ಮೇಲೆ ಹೋದ ಮೇಲೆ ಕೀಲಿ ಇಲ್ಲದ ಹಳೆಯ ಪ್ರತಿಗಳನ್ನು ಹುಡುಕಿ ತೆಗೆಯಿರಿ. ಅವು ಅಡಗಿರುವುದು ಡೌನ್‌ಲೋಡ್ ಫೋಲ್ಡರ್, ರೀಸೈಕಲ್ ಬಿನ್, ಮೊಬೈಲ್ ಗ್ಯಾಲರಿ, ಗೂಗಲ್ ಫೋಟೋಸ್ ಮತ್ತು ಅದರ ಕಸದ ಬುಟ್ಟಿ, ವಾಟ್ಸ್‌ಆ್ಯಪ್ ಡಾಕ್ಯುಮೆಂಟ್ಸ್, ಜಿಮೇಲಿನ 'ಸೆಂಟ್', ಸ್ಕ್ಯಾನ್ ಮಾಡಿದ ಪೆನ್‌ಡ್ರೈವ್. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನ ಚಾಟ್ ಬ್ಯಾಕಪ್‌ನಲ್ಲಿ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ (ಕೀಲಿಕೈ ನಿಮ್ಮ ಹತ್ತಿರವೇ ಉಳಿಯುವ ಕೀಲಿ) ಕೂಡ ಆನ್ ಮಾಡಿ. ತಾನಾಗಿ ಆನ್ ಆಗಿರುವುದಿಲ್ಲ.

## ಸಿಂಕ್ ಎಂದರೆ ಬ್ಯಾಕಪ್ ಅಲ್ಲ

ಲ್ಯಾಪ್‌ಟಾಪಿನಲ್ಲಿ ಅಳಿಸಿದರೆ ಕ್ಲೌಡಿನಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವ್ ಕಸದ ಬುಟ್ಟಿಯಲ್ಲಿ 30 ದಿನ ಇಟ್ಟು ಆಮೇಲೆ ಪೂರ್ತಿ ಅಳಿಸುತ್ತದೆ. ಓದಲಾಗದ ಹೆಸರಿನ ಫೋಲ್ಡರು ನೋಡಿ 'ಇದೇನೋ ಕಸ' ಎಂದು ಮನೆಯ ಹುಡುಗರು ತೆಗೆದು ಹಾಕುವುದು ಹೊಸದಲ್ಲ. ತಿಂಗಳೊಳಗೆ ಗೊತ್ತಾಗದಿದ್ದರೆ ಹೋಯಿತು. ರ‍್ಯಾನ್ಸಂವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೂ ಅಷ್ಟೇ. ಕೆಟ್ಟ ಫೈಲೇ ಮೇಲೆ ಹೋಗಿ ಕೂರುತ್ತದೆ.

ಹಾಗಾಗಿ ಒಂದು ಹೊರಗಿನ ಹಾರ್ಡ್‌ಡಿಸ್ಕ್ ಬೇಕೇ ಬೇಕು. 'ಮನೆ-1' ಫೋಲ್ಡರನ್ನು ಕೀಲಿ ಹಾಕಿದ ಸ್ಥಿತಿಯಲ್ಲೇ ಪೂರ್ತಿ ಕಾಪಿ ಮಾಡಿ, ಫೋಲ್ಡರಿಗೆ ದಿನಾಂಕ ಹಚ್ಚಿ, ಹಿಂದಿನ ಎರಡು ಪ್ರತಿ ಉಳಿಸಿಕೊಳ್ಳಿ. ಅಂಗಡಿ ಇರುವವರಿಗೆ ಅಮವಾಸ್ಯೆ ಮರೆಯುವುದಿಲ್ಲ. ಪೂಜೆಯ ದಿನವೇ ಡಿಸ್ಕ್ ಹಚ್ಚುವ ರೂಢಿ ಮಾಡಿಕೊಳ್ಳಿ. ಕಾಪಿ ಮುಗಿದೊಡನೆ ತೆಗೆದಿಡಿ, ಹಚ್ಚಿಯೇ ಬಿಟ್ಟ ಡಿಸ್ಕಿಗೆ ವೈರಸ್ ಸುಲಭವಾಗಿ ದಾಟುತ್ತದೆ. ಮೇ ತಿಂಗಳ 42 ಡಿಗ್ರಿಯಲ್ಲಿ ತಗಡಿನ ಮಾಳಿಗೆ ಕೆಳಗೆ, ಕಾರಿನೊಳಗೆ ಇಡಬೇಡಿ. ಪೆನ್‌ಡ್ರೈವನ್ನು ವರ್ಷಗಟ್ಟಲೆ ಇಡುವ ಸಾಧನವೆಂದು ತಿಳಿಯಬೇಡಿ, ಅದು ಸಾಗಿಸಲು ಮಾತ್ರ.

## ವರ್ಷಕ್ಕೆ ಎರಡು ಸಲ ತೆರೆದು ನೋಡಿ

ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಸಾಕು. ಮನೆಯವರದೇ ಬೇರೆ ಲ್ಯಾಪ್‌ಟಾಪ್ ತಗೊಳ್ಳಿ, ಆನ್‌ಲೈನ್ ಸೆಂಟರಿನದ್ದು ಬೇಡ. ಬ್ಯಾಕಪ್ ಕೋಡ್ ಬಳಸಿ ಗೂಗಲ್‌ಗೆ ಲಾಗಿನ್ ಆಗಿ, ವಾಲ್ಟ್ ಫೋಲ್ಡರ್ ಇಳಿಸಿಕೊಳ್ಳಿ, ಕ್ರಿಪ್ಟೋಮೇಟರಿನಲ್ಲಿ 'ಇರುವ ವಾಲ್ಟ್ ತೆರೆ' ಎಂದು ತೋರಿಸಿ. ಬ್ರೌಸರಿನಿಂದ ಇಳಿಸಿದಾಗ ಗೂಗಲ್ ದೊಡ್ಡ ಫೋಲ್ಡರನ್ನು ಹಲವು ಜಿಪ್ಪುಗಳಾಗಿ ಒಡೆದು ಕೊಡುತ್ತದೆ. ಎಲ್ಲವನ್ನೂ ಒಂದೇ ಜಾಗದಲ್ಲಿ ಬಿಚ್ಚಿದರೆ ಮಾತ್ರ ತಿಜೋರಿ ಪೂರ್ತಿಯಾಗುತ್ತದೆ. ಒಂದು ತುಂಡು ಬಿಟ್ಟುಹೋದರೆ ತಿಜೋರಿ ತೆರೆಯುತ್ತದೆ, ಕೆಲವು ಫೈಲು ಇರುವುದಿಲ್ಲ. ಇದನ್ನು ಕಂಡು ಎಲ್ಲ ಕೆಟ್ಟಿತೆಂದು ಗಾಬರಿಯಾಗುವವರು ಬಹಳ.

ಮೂರು ಫೈಲು ತೆರೆದು ಓದಿ: ಒಂದು ಹಳೆಯದು, ಒಂದು ಹೊಸದು, ಒಂದು ದೊಡ್ಡದು. ಇನ್ನೂ ಖಚಿತ ಬೇಕೆಂದರೆ ಮೂಲ ಫೈಲಿನ ಮೇಲೂ, ಇಳಿಸಿದ್ದರ ಮೇಲೂ ರೈಟ್ ಕ್ಲಿಕ್ ಮಾಡಿ 7-ಜಿಪ್‌ನ ಎಸ್‌ಎಚ್‌ಎ-256 ಆಯ್ಕೆ ಒತ್ತಿ. ಎರಡೂ ಕಡೆ ಬಂದ ಸಂಖ್ಯೆ ಒಂದೇ ಆಗಿದ್ದರೆ ಒಂದು ಬಿಟ್ ಕೂಡ ಬದಲಾಗಿಲ್ಲ. ಮುಗಿದ ಮೇಲೆ ಸೈನ್ ಔಟ್ ಮಾಡಿ, ಬಳಸಿದ ಬ್ಯಾಕಪ್ ಕೋಡನ್ನು ಕಾಗದದಲ್ಲಿ ಹೊಡೆದು ಹಾಕಿ.

ಮೊಬೈಲ್ ಕಳೆದರೆ ಬೇರೆ ಫೋನಿನಿಂದ ಆ ಸಾಧನವನ್ನು ಸೈನ್ ಔಟ್ ಮಾಡಿ, ಸಿಮ್ ಬಂದ್ ಮಾಡಿಸಿ, ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಐಎಂಇಐ (ಫೋನಿನ ಗುರುತು ಸಂಖ್ಯೆ) ತಡೆಹಿಡಿಸಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

## ನೀವಿಲ್ಲದ ದಿನ

ಮನೆಯಲ್ಲಿ ಒಬ್ಬರಿಗೇ ಗೊತ್ತಿರುವ ಕೀಲಿಕೈ ಮನೆಯವರಿಗೇ ಮುಳುವು. ಗೂಗಲ್‌ನ 'ಇನಾಕ್ಟಿವ್ ಅಕೌಂಟ್ ಮ್ಯಾನೇಜರ್'ನಲ್ಲಿ 3, 6, 12 ಅಥವಾ 18 ತಿಂಗಳು ನೀವು ಖಾತೆ ಮುಟ್ಟದಿದ್ದರೆ ನಂಬಿಕೆಯವರಿಗೆ ಡೇಟಾ ಸಿಗುವಂತೆ ಮಾಡಬಹುದು. 10 ಜನರ ತನಕ ಹೆಸರಿಸಬಹುದು. ಆದರೆ ಅವರಿಗೆ ಸಿಗುವುದು ಕೀಲಿ ಹಾಕಿದ ತಿಜೋರಿ. ತೆರೆಯಲು ಕಾಗದ ಬೇಕು. ಆದ್ದರಿಂದ ಎರಡೂ ಊರಿಗೆ ಒಂದೊಂದು ಲಕೋಟೆ ಮಾಡಿ: 44 ಪದ, ಪಾಸ್‌ವರ್ಡಿನ ಕಾಗುಣಿತ, ಯಾವ ಖಾತೆ, ಯಾವ ತಂತ್ರಾಂಶ, ಡಿಸ್ಕ್ ಎಲ್ಲಿದೆ ಎಂದು ಕನ್ನಡದಲ್ಲಿ ಹತ್ತು ಸಾಲು. ಕಂಪ್ಯೂಟರ್ ಗೊತ್ತಿಲ್ಲದವರು ಓದಿ ಇನ್ನೊಬ್ಬರಿಗೆ ವಿವರಿಸುವಷ್ಟು ಸರಳವಾಗಿರಲಿ. ಗೂಗಲ್ ಬ್ಯಾಕಪ್ ಕೋಡನ್ನು ಈ ಲಕೋಟೆಯಲ್ಲಿಡಬೇಡಿ, ಬೇರೆ ಕಡೆ ಇರಲಿ. ಒಂದು ಕಳುವಾದರೆ ಇನ್ನೊಂದು ಉಳಿಯಬೇಕು. ಲಕೋಟೆ ಅಂಟಿಸಿ, ಅಂಟಿನ ಮೇಲೆ ಅಡ್ಡ ಸಹಿ ಮಾಡಿ ದಿನಾಂಕ ಹಾಕಿ. ಪಾಸ್‌ವರ್ಡ್ ಬದಲಿಸಿದ ದಿನ ಎರಡೂ ಊರಿನ ಲಕೋಟೆ ಬಿಚ್ಚಿ ಕಾಗುಣಿತದ ಚೀಟಿ ಬದಲಿಸಿ, ಹಳೆಯ ಚೀಟಿ ಸುಟ್ಟುಬಿಡಿ. 44 ಪದಗಳ ಹಾಳೆಯನ್ನು ಮಾತ್ರ ಹಾಗೇ ಇಡಿ, ಆ ವಾಲ್ಟ್ ಇರುವ ತನಕ ಅದು ಬದಲಾಗುವುದಿಲ್ಲ.